ಮುಂಬೈಗೆ ಒಂದೇ ಗಂಟೆ ಅಂದಿದ್ದಕ್ಕೆ ಎರಡು ಲಕ್ಷ ಹೋಯ್ತು

ಚಾರ್ಟರ್ ಬುಕಿಂಗ್, ಅಂದರೆ ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿಯುವ ಕೆಲಸ, ಮಾಡುವವರಿಗೆ ಗೊತ್ತೇ ಇದೆ, ಬಿಲ್ ಬರುವುದು ಗಂಟೆ ಲೆಕ್ಕದಲ್ಲಿ. ನಾಲ್ಕೈದು ವರ್ಷದ ಹಿಂದೆ ಮಂಗಳೂರಿನಿಂದ ಮುಂಬೈಗೆ ಹೋಗಿಬರಲು ಒಂದು ಮದುವೆ ಪಾರ್ಟಿಗೆ ರೇಟು ಕೊಟ್ಟಿದ್ದೆ. ದೂರ 700 ಚಿಲ್ಲರೆ ಕಿ.ಮೀ., ವೇಗ 800, ಒಂದು ಗಂಟೆ ಸಾಕು ಅಂದುಕೊಂಡೆ. ಸಿಕ್ಕಿದ ವಿಮಾನ ಜೆಟ್ ಅಲ್ಲ, ಕಿಂಗ್ ಏರ್ ಬಿ200 ಅನ್ನುವ ಪ್ರೊಪೆಲ್ಲರ್ ವಿಮಾನ. ಅದರ ವೇಗ 260 ನಾಟ್, ಅಂದರೆ ಗಂಟೆಗೆ 480 ಕಿ.ಮೀ. ಅಷ್ಟೇ. ಹೋಗಲು ಒಂದು ಮುಕ್ಕಾಲು ಗಂಟೆ, ಬರಲೂ ಅಷ್ಟೇ. ಪಾರ್ಟಿಗೆ ಕೊಟ್ಟ ಮಾತು ಬದಲಿಸಲು ಆಗುತ್ತಾ? ಹತ್ತಿರ ಹತ್ತಿರ ಎರಡು ಲಕ್ಷ ನನ್ನ ಕೈಯಿಂದ ಹೋಯ್ತು.

ಅವತ್ತೇ ದೂರ, ಸಮಯ ಲೆಕ್ಕ ಹಾಕಲು ಸ್ವಂತ ಎಕ್ಸೆಲ್ ಶೀಟ್ ಮಾಡಲು ಕೂತೆ. "ಗೂಗಲಲ್ಲಿ ಎಲ್ಲ ಸಿಗ್ತದೆ ಮಾರಾಯ, ಸುಮ್ನೆ ಯಾಕೆ ತಲೆಬಿಸಿ?" ಅಂದರು ಪಾರ್ಟ್ನರ್. ಸಿಗುತ್ತದೆ, ಆದರೆ ಅದೆಲ್ಲ ದೊಡ್ಡ ಜೆಟ್‌ಗಳ ಲೆಕ್ಕ.

ಅಕ್ಷಾಂಶ, ರೇಖಾಂಶದಿಂದ ಎರಡು ಊರುಗಳ ನಡುವಿನ ದೂರ ಹೇಳುವ ಹ್ಯಾವರ್‌ಸೈನ್ ಸೂತ್ರ ಹಾಕಿದೆ, ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲೂ ಮರೆಯಲಿಲ್ಲ. ಆದರೂ ದೂರ ಹತ್ತಿಪ್ಪತ್ತಲ್ಲ, 40 ಕಿ.ಮೀ. ಹತ್ತಿರ ಜಾಸ್ತಿ ಬರುತ್ತಿತ್ತು. ಎರಡು ವಾರ ತಡಕಾಡಿದೆ. ಕೊನೆಗೆ ಸಿಕ್ಕಿತು. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ಅಕ್ಷಾಂಶ 12 ಡಿಗ್ರಿ 57 ನಿಮಿಷ. ನಾನು 12.57 ಅಂತ ಹೊಡೆದಿದ್ದೆ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 57ನ್ನು 60ರಿಂದ ಭಾಗಿಸಬೇಕು, ಆಗ 12.95 ಆಗುತ್ತದೆ. ಸರಿ ಮಾಡಿದ ಕೂಡಲೇ 715 ಬಂತು.

ನಡುವೆ ಮಗಳ ಗ್ಲೋಬ್ ಮೇಲೂ ಒಂದು ಪರೀಕ್ಷೆ ಮಾಡಿದೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಹೊಲಿಗೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರಕ್ಕೆ ಏರಿ ಸೈಬೀರಿಯಾ, ಅಲಾಸ್ಕಾ ಮೇಲಿಂದ ಹೋಗುತ್ತದೆ! ದಾರ 34 ಸೆಂ.ಮೀ. ಚಿಲ್ಲರೆ ಬಂತು, ಗ್ಲೋಬಿನ ಸುತ್ತಳತೆ 96. ಭೂಮಿಯ ಸುತ್ತಳತೆ 40,000 ಕಿ.ಮೀ. ಇಟ್ಟು ಲೆಕ್ಕ ಹಾಕಿದರೆ 14,000 ಕಿ.ಮೀ. ಆಸುಪಾಸು. ಶೀಟ್ ಕೂಡ ಅದನ್ನೇ ಹೇಳಿತು. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ದೂರ ಸರಿ ಆದರೂ ಸಮಯ ಕೂಡುತ್ತಿರಲಿಲ್ಲ. ವಿಮಾನ ನೇರ ಗೆರೆಯಲ್ಲಿ ಹೋಗಲ್ಲ ಅಲ್ವಾ? ಈಗ ದೂರಕ್ಕೆ ನೂರಕ್ಕೆ ಐದು ಸೇರಿಸಿ, 480ರಿಂದ ಭಾಗಿಸಿ, ಟ್ಯಾಕ್ಸಿಂಗ್ (ನೆಲದ ಮೇಲೆ ರನ್‌ವೇವರೆಗಿನ ಓಡಾಟ) ಮತ್ತು ಏರುವುದಕ್ಕೆ ಅಂತ 15 ನಿಮಿಷ ಕೂಡಿಸುತ್ತೇನೆ. ತಿಂಗಳ ಪ್ರಕಾರ ಗಾಳಿಯ ಕಾಲಂ ಒಂದಿದೆ, ಮುಂಬೈಯಲ್ಲಿ ಸಂಜೆ ಇಳಿಯಲು ಕಾಯುವ ಸಮಯಕ್ಕೆ ಇನ್ನೊಂದು. ಆ ಅಂಕಿಗಳನ್ನು ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಕಳೆದ ಸಲ ದೆಹಲಿಗೆ 1,750 ಕಿ.ಮೀ.ಗೆ ನಾಲ್ಕು ಗಂಟೆ ಐದು ನಿಮಿಷ ಅಂದೆ. ಬಿಲ್ ಬಂದದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಪಾರ್ಟ್ನರ್ ಬಿಲ್ಲನ್ನು ಎರಡು ಸಲ ಓದಿದರು.

ಹೆಲಿಕಾಪ್ಟರ್‌ಗೆ ಇದು ಕೂಡುವುದಿಲ್ಲ. ಘಟ್ಟದ ಮೇಲೆ ಮೋಡ ಕೂತರೆ ಸುತ್ತು ಹಾಕಿಯೇ ಬರಬೇಕು. ಮಂಗಳೂರು–ಚಿಕ್ಕಮಗಳೂರಿಗೆ ಬೇರೆ ಶೀಟ್ ಶುರು ಮಾಡಿದ್ದೇನೆ.