ಲಾಕ್‌ಡೌನ್‌ದಾಗ ಹಲ್ಲು ಬ್ಯಾನಿ ಎದ್ರ ಯಾರಿಗೆ ಫೋನ್ ಮಾಡ್ಬೇಕು, ಏನ್ ಹೇಳ್ಬೇಕು, ಯಾವಾಗ ಓಡ್ಬೇಕು

ದೇಶದಾಗ ಕರೋನಾದ ಮೊದಲನೇ ಸಾವು ಆಗಿದ್ದು ನಮ್ಮ ಕಲಬುರಗಿ ಮನುಷ್ಯಾರ್ದು, 2020ರ ಮಾರ್ಚ್‌ದಾಗ. ಹಂಗಾಗಿ ಅಂಜಿಕಿ ನಮ್ಮ ಊರಿಗೆ ಎಲ್ಲಾರಕಿಂತ ಮೊದಲು ಬಂತು. ಮಾರ್ಚ್ 25ಕ್ಕ ದೇಶನೇ ಬಂದ್ ಆದಾಗ ತೆರೆದಿದ್ದು ಕಿರಾಣಿ, ಹಾಲು, ಮೆಡಿಕಲ್ ಇಂಥಾ ಅಗತ್ಯದವಷ್ಟೇ. ನಾನು ಮೆಡಿಕಲ್ ಅಂಗಡಿದಾಗ ಕೆಲಸ ಮಾಡಾಂವ, ಅದಕ್ಕ ಹಲ್ಲು ಬ್ಯಾನಿ ಇದ್ದವ್ರು ಸೀದಾ ನಮ್ಮ ಕೌಂಟರಿಗೇ ಬರ್ತಿದ್ರು. ಗಲ್ಲಕ್ಕ ಟವೆಲ್ ಕಟ್ಕೊಂಡು "ಬಾವು ಇಳಿಯೋ ಗುಳಿಗಿ ಕೊಡ್ರಿ, ಹಲ್ಲಿನ ದವಾಖಾನಿ ಎಲ್ಲಾ ಬಂದ್ ಅದಾವ" ಅಂತಿದ್ರು. ಖರೆ ಹೇಳ್ಬೇಕಂದ್ರ ಎಲ್ಲಾ ಬಂದ್ ಇರ್ಲಿಲ್ಲ. ಎಮರ್ಜೆನ್ಸಿಗೆ ದಾರಿ ಇತ್ತು, ಮಂದಿಗೆ ಅದು ಗೊತ್ತಿರ್ಲಿಲ್ಲ ಅಷ್ಟೇ. ಮುಂದ ಮತ್ತ ಅಂಥ ರೋಗ ಬಂದು ಊರು ಬಂದ್ ಆದ್ರ ಯಾರೂ ಬರೇ ಗುಳಿಗಿ ನುಂಗ್ಕೋತ ಮನ್ಯಾಗ ಕೂಡಬಾರ್ದು ಅಂತ ಇದನ್ನ ಬರೀಲಿಕತ್ತೀನಿ. ಗುಳಿಗಿ ಅಂದ್ರ ದಾರಿ ಬುತ್ತಿ ಇದ್ದಂಗ, ಊರು ಮುಟ್ಟೋತನಕ ಬೇಕು, ಆದ್ರ ಊರಿಗೆ ಹೋಗೋದನ್ನೇ ಬಿಡ್ಲಿಕ್ಕ ಆಗಲ್ಲ.

ಮೊದಲು ಇದು ತಿಳ್ಕೊಳ್ರಿ, ಫೋನ್ ಗೀನ್ ಏನೂ ನೋಡ್ದೇ ಸೀದಾ ದೊಡ್ಡ ದವಾಖಾನಿಗೆ ಓಡೋ ಕೇಸ್ ಯಾವ್ಯಾವು ಅಂತ. ಬಾವು ಗಲ್ಲದಿಂದ ಕೆಳಗ ಇಳ್ದು ಗದ್ದದ ಕೆಳಗ, ಕುತ್ತಿಗಿ ಕಡೆ ಬಂದಿದ್ರ, ನಾಲಿಗಿ ಮ್ಯಾಲಕ್ಕ ಎದ್ದಂಗ ಅನಿಸಿದ್ರ, ಎಂಜಲು ನುಂಗ್ಲಿಕ್ಕ ಆಗ್ದೇ ಬಾಯಿಂದ ಸೋರ್ಲಿಕತ್ತಿದ್ರ, ಉಸಿರು ಹಿಡದಂಗ ಆದ್ರ, ದನಿ ಬದಲಾದ್ರ. ಇದು ಕೆಳಗಿನ ದವಡಿ ಹಲ್ಲಿನ ಕೀವು ಕುತ್ತಿಗಿ ಒಳಗ ಹಬ್ಬೋ ಲಕ್ಷಣ, ಉಸಿರಿನ ದಾರಿನೇ ಮುಚ್ಚಬಹುದು, ಮುಂಜಾನೆ ನೋಡೋಣು ಅನ್ನೋ ಮಾತೇ ಇಲ್ಲ. 108ಕ್ಕ ಫೋನ್ ಹಚ್ರಿ, "ಹಲ್ಲು ಬ್ಯಾನಿ" ಅಂತ ಅಷ್ಟೇ ಹೇಳಬ್ಯಾಡ್ರಿ, "ಕುತ್ತಿಗಿಗೆ ಬಾವು ಬಂದದ, ಉಸಿರಾಡ್ಲಿಕ್ಕ ತ್ರಾಸ ಆಗ್ಲಿಕತ್ತದ" ಅಂತ ಹೇಳ್ರಿ. ಮ್ಯಾಲಿನ ಹಲ್ಲಿನ ಬಾವು ಕಣ್ಣಿನ ತನಕ ಏರಿ ಕಣ್ಣು ಮುಚ್ಚಿದ್ರೂ ಅಷ್ಟೇ ಅರ್ಜೆಂಟ್. ಗಾಡಿ ಮ್ಯಾಲಿಂದ ಬಿದ್ದು ದವಡಿ ಮುರ್ದಿದ್ರ, ಹಲ್ಲು ಕಿತ್ತ ಜಾಗದಿಂದ ರಕ್ತ ಒತ್ತಿ ಹಿಡಿದ್ರೂ ನಿಲ್ಲವಲ್ದು ಅಂದ್ರ, ಅವೂ ಇದರಾಗೇ ಬರ್ತಾವ. ಇನ್ನೊಂದು, ವಯಸ್ಸಾದವ್ರಿಗೆ, ಶುಗರ್ ಬಿಪಿ ಇದ್ದವ್ರಿಗೆ ಎಡಗಡೆ ಕೆಳ ದವಡಿ ಒಮ್ಮೆಲೆ ನೋಯ್ಲಿಕ್ಕ ಶುರು ಆಗಿ ಬೆವರು, ಎದಿ ಬಿಗಿತ, ಸುಸ್ತು ಬಂದ್ರ ಅದು ಹಲ್ಲಲ್ಲ ಹಾರ್ಟ್ ಇರ್ಬಹುದು. ನಮ್ಮ ಊರಾಗೇ ಜಯದೇವ ಹಾರ್ಟ್ ದವಾಖಾನಿ ಅದ, ಆದ್ರ ಯಾವುದು ಹತ್ರ ಅದ ಅಲ್ಲಿಗೆ ಮೊದಲು ಹೋಗಿ ಇಸಿಜಿ ಮಾಡಿಸ್ರಿ.

ಎರಡನೇದು, ಓಡೋ ಅಷ್ಟು ಅಲ್ಲ ಆದ್ರ ಇವತ್ತೇ ಡಾಕ್ಟರಿಗೆ ಫೋನ್ ಮಾಡ್ಬೇಕಾದ್ದು. ರಾತ್ರಿ ನಿದ್ದಿ ಕೆಡಿಸೋ ಬ್ಯಾನಿ, ಬಿಸಿ ಚಾ ಕುಡಿದ್ರ ಜೋರಾಗಿ, ತಣ್ಣೀರು ಹಾಕ್ಕೊಂಡ್ರ ಕಡಿಮಿ ಆಗೋ ಬ್ಯಾನಿ, ವಸಡಿನ ಮ್ಯಾಲ ಕೀವಿನ ಗುಳ್ಳಿ, ಜ್ವರ, ಬಾಯಿ ಎರಡು ಬೆರಳು ಹೋಗೋ ಅಷ್ಟೂ ತೆರಿಯವಲ್ದು ಅನ್ನೋದು, ಅಕಲ್ ಹಲ್ಲಿನ (ಕಟ್ಟಕಡೆಗೆ ಬರೋ ದವಡಿ ಹಲ್ಲಿನ) ಸುತ್ತ ಬಾವು, ಹಲ್ಲು ಕೀಳಿಸಿ ಮೂರ್ನಾಲ್ಕು ದಿನಕ್ಕ ಮತ್ತ ಎದ್ದ ಬ್ಯಾನಿ. ಕ್ಲೀನಿಂಗ್, ಕ್ಲಿಪ್ಪಿನ ಮಾಮೂಲಿ ಚೆಕಪ್, ಹಲ್ಲು ಬೆಳ್ಳಗ ಮಾಡ್ಸೋದು, ಬ್ಯಾನಿ ಇಲ್ಲದ ಸಣ್ಣ ತೂತು, ಇವೆಲ್ಲಾ ಕಾಯ್ತಾವ, ಕಾಯಿಸ್ರಿ. ಆದ್ರ ಕ್ಲಿಪ್ಪಿನ ತಂತಿ ಗಲ್ಲಕ್ಕ ಚುಚ್ಚಿ ಗಾಯ ಮಾಡ್ಲಿಕತ್ತಿದ್ರ ಅದು ಕಾಯೋದಲ್ಲ. ಬಾಯಾಗ ಎರಡು ವಾರ ಆದ್ರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲಿ ಇದ್ರ ಅದನ್ನೂ ಲಾಕ್‌ಡೌನ್ ಮುಗಿದ ಮ್ಯಾಲ ನೋಡೋಣು ಅನ್ಬ್ಯಾಡ್ರಿ, ನಮ್ಮ ಕಡೆ ಗುಟ್ಖಾ, ತಂಬಾಕು, ಸುಣ್ಣ ಎಷ್ಟು ನಡೀತದ ಅಂತ ಎಲ್ಲಾರಿಗೂ ಗೊತ್ತದ.

ಮೊದಲು ಫೋನ್ ಯಾಕ ಅಂದ್ರ, ಹಲ್ಲು ಕೊರಿಯೋ ಏರೋಟರ್ ಮಷಿನ್, ಕ್ಲೀನಿಂಗ್ ಮಷಿನ್ ಇವು ನೀರು ಎಂಜಲು ಕೂಡಿಸಿ ಸಣ್ಣ ಸಣ್ಣ ಹನಿ ಗಾಳ್ಯಾಗ ಎಬ್ಬಿಸ್ತಾವ, ರೋಗಿಗೆ ಇನ್‌ಫೆಕ್ಷನ್ ಇದ್ರ ಅದು ರೂಮ್ ತುಂಬ ತಾಸುಗಟ್ಲೆ ಉಳೀಬಹುದು. ಡಾಕ್ಟರಿನ ಮಾರಿ ನಿಮ್ಮ ಬಾಯಿಂದ ಗೇಣು ದೂರ ಇರ್ತದ. ಅದಕ್ಕೇ 2020ರ ಮೇ 19ಕ್ಕ ಕೇಂದ್ರ ಆರೋಗ್ಯ ಇಲಾಖೆ ಹಲ್ಲಿನ ಕ್ಲಿನಿಕ್‌ಗಳಿಗೆ ಅಂತ ಬೇರೆ ರೂಲ್ಸ್ ಕೊಟ್ಟಿತ್ತು. ರೋಗ ಎಷ್ಟು ಹಬ್ಬ್ಯದ ಅಂತ ನೋಡಿ ಆಗ ಝೋನ್ ಮಾಡಿದ್ರು. ಕಂಟೇನ್‌ಮೆಂಟ್ ಝೋನ್‌ದಾಗ (ರೋಗ ಸಿಕ್ಕು ಸೀಲ್ ಮಾಡಿದ ಜಾಗ) ಕ್ಲಿನಿಕ್ ಬಂದ್, ಫೋನ್ ಮ್ಯಾಲ ಸಲಹೆ ಅಷ್ಟೇ, ಅಲ್ಲಿಯ ರೋಗಿ ಆಂಬ್ಯುಲೆನ್ಸ್‌ದಾಗ ಹತ್ರದ ಕೋವಿಡ್ ಹಲ್ಲಿನ ಸೆಂಟರಿಗೆ ಹೋಗ್ಬಹುದು. ರೆಡ್ ಝೋನ್‌ದಾಗ ಎಮರ್ಜೆನ್ಸಿ ಮಾತ್ರ. ಆರೆಂಜ್ ಗ್ರೀನ್‌ದಾಗ ಎಮರ್ಜೆನ್ಸಿ ಮತ್ತ ಅರ್ಜೆಂಟ್ ಕೆಲಸ. ಅಂದ್ರ ಎಮರ್ಜೆನ್ಸಿ ಅಂತ ಗೊತ್ತಾದ್ರ ಯಾವ ಝೋನ್‌ದಾಗೂ ದಾರಿ ಇತ್ತು, ಅದು ಗೊತ್ತಾಗೋದು ನೀವು ಫೋನ್‌ದಾಗ ಹೇಳೋದ್ರ ಮ್ಯಾಲ.

ಹಂಗಾದ್ರ ಫೋನ್‌ದಾಗ ಏನ್ ಹೇಳ್ಬೇಕು. "ಡಾಕ್ಟರೇ ಭಾಳ ತ್ರಾಸ ಆಗ್ಲಿಕತ್ತದ" ಅಂದ್ರ ಅವರಿಗೆ ಏನೂ ತಿಳಿಯಲ್ಲ, ದಿನಕ್ಕ ಎಷ್ಟೋ ಮಂದಿ ಅದೇ ಅಂತಾರ. ಯಾವ ಕಡೆ, ಮ್ಯಾಲೋ ಕೆಳಗೋ, ಎಷ್ಟು ದಿನದಿಂದ, ಬ್ಯಾನಿ ತಾನಾಗೇ ಏಳ್ತದೋ ಕಡದಾಗ ಮಾತ್ರನೋ, ಬಾವು ಅದನೋ ಇಲ್ಲೋ, ಇದ್ರ ನಿನ್ನಿಗಿಂತ ಇವತ್ತು ದೊಡ್ಡದಾಗ್ಯದೋ, ಜ್ವರ ಎಷ್ಟು, ಬಾಯಿ ಎಷ್ಟು ತೆರಿತದ, ನುಂಗ್ಲಿಕ್ಕ ಆಗ್ತದೋ, ಇಲ್ಲಿತನಕ ಯಾವ ಗುಳಿಗಿ ನುಂಗೀರಿ. ಆಮ್ಯಾಲ ಶುಗರ್, ಬಿಪಿ, ಹಾರ್ಟ್, ಕಿಡ್ನಿ, ರಕ್ತ ತೆಳ್ಳಗ ಮಾಡೋ ಗುಳಿಗಿ, ಯಾವ ಔಷಧ ಮೈಗೆ ಹಿಡಿಯಲ್ಲ, ಹೆಣ್ಮಕ್ಕಳಿದ್ರ ಬಸಿರು ಅದಾರೋ ಎಂಬೋದು. ಇದನ್ನ ಫೋನ್ ಹಚ್ಚೋ ಮೊದಲು ಒಂದು ಚೀಟಿ ಮ್ಯಾಲ ಬರ್ಕೊಳ್ರಿ, ಬ್ಯಾನಿದಾಗ ಮಂದಿಗೆ ತಮ್ಮ ಶುಗರ್ ಗುಳಿಗಿ ಹೆಸರೂ ನೆನಪಾಗಲ್ಲ, ಅದನ್ನ ನಾನು ಕೌಂಟರ್ ಮ್ಯಾಲ ದಿನಾ ನೋಡ್ತೀನಿ. ಮನ್ಯಾಗಿನ ಹುಡುಗ್ರಿಗೆ ಹೇಳಿ ಎರಡು ಫೋಟೋ ತೆಗಿಸ್ರಿ, ಒಂದು ಮಾರಿ ಎದುರಿಂದ (ಎರಡೂ ಗಲ್ಲ ಕಾಣಂಗ, ಬಾವು ಎಷ್ಟು ಅಂತ ತಿಳೀತದ), ಇನ್ನೊಂದು ಬಾಯಿ ಒಳಗ ಟಾರ್ಚ್ ಬಿಟ್ಟು, ಗಲ್ಲ ಚಮಚದಿಂದ ಸರಿಸಿ. ಹಳೇ ಎಕ್ಸ್‌ರೇ ಇದ್ರ ಕಿಟಕಿ ಬೆಳಕಿಗೆ ಹಿಡ್ದು ಅದರದ್ದೂ ಒಂದು.

ಜ್ವರ, ಕೆಮ್ಮು, ಮನ್ಯಾಗ ಯಾರಿಗಾದ್ರೂ ಪಾಸಿಟಿವ್ ಬಂದಿದ್ದು ಇದ್ರ ದಯಮಾಡಿ ಮುಚ್ಚಿಡಬ್ಯಾಡ್ರಿ. ಹೇಳಿದ್ರ ನೋಡಲ್ಲ ಅಂತ ಅಂಜಿ ಮಂದಿ ಮುಚ್ಚಿಡ್ತಾರ, ಆದ್ರ ಹೇಳಿದ್ರ ಅವ್ರು ಬೇರೆ ಟೈಮ್ ಕೊಡ್ತಾರ, ಇಲ್ಲಾಂದ್ರ ಕೋವಿಡ್ ರೋಗಿ ನೋಡೋ ದವಾಖಾನಿಗೆ ಕಳಿಸ್ತಾರ, ಮುಚ್ಚಿಟ್ರ ನಿಮ್ಮ ಹಿಂದ ಕುಂತ ಅಜ್ಜಿಗೆ ಹತ್ತಬಹುದು.

ಯಾರಿಗೆ ಫೋನ್ ಅಂದ್ರ, ಮೊದಲು ನೀವು ಯಾವಾಗ್ಲೂ ತೋರಿಸೋ ಹಲ್ಲಿನ ಡಾಕ್ಟರಿಗೇ. ಕ್ಲಿನಿಕ್ ಶಟರ್ ಹಾಕಿದ್ರೂ ಬಾಗಿಲ ಮ್ಯಾಲ ನಂಬರ್ ಇರ್ತದ, ಹಳೇ ಚೀಟಿ ಮ್ಯಾಲ ಇರ್ತದ. ಸಿಗಲಿಲ್ಲ ಅಂದ್ರ ಕಲಬುರಗಿದಾಗ ಹಲ್ಲಿನ ಕಾಲೇಜ್ ಅದಾವ, ಸೇಡಂ ರೋಡಿನ ಇಎಸ್‌ಐಸಿ ಡೆಂಟಲ್ ಕಾಲೇಜ್, ಎಚ್‌ಕೆಇ ಸೊಸೈಟಿಯ ನಿಜಲಿಂಗಪ್ಪ ಡೆಂಟಲ್ ಕಾಲೇಜ್, ಅಲ್ ಬದರ್. ಜಿಲ್ಲಾ ದವಾಖಾನಿ ಅಂದ್ರ ಜಿಮ್ಸ್. ಬೀದರ್‌ನವ್ರಿಗೆ ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜ್ ದವಾಖಾನಿ ಬ್ರಿಮ್ಸ್ ಮತ್ತ ಎಸ್‌.ಬಿ. ಪಾಟೀಲ ಡೆಂಟಲ್ ಕಾಲೇಜ್. ಯಾದಗಿರಿ ಕಡೆಯವ್ರು ಮೊದಲು ಅಲ್ಲಿನ ಜಿಲ್ಲಾ ದವಾಖಾನಿ, ಅಲ್ಲಿ ಆಗಲ್ಲ ಅಂದ್ರ ಕಲಬುರಗಿ ಇಲ್ಲಾ ರಾಯಚೂರು ಯಾವುದು ಹತ್ರ ಆಗ್ತದೋ ಅದು. ಆಳಂದ, ಚಿಂಚೋಳಿ, ಜೇವರ್ಗಿ, ಅಫಜಲಪುರ ಇಂಥಾ ಕಡೆ ಇರೋವ್ರು ಸೀದಾ ಕಲಬುರಗಿಗೆ ಹೊರಡೋ ಮೊದಲು ತಾಲೂಕಾ ದವಾಖಾನಿ ಕೇಳ್ರಿ, ಸರಕಾರಿ ಹಲ್ಲಿನ ಡಾಕ್ಟರ್ ಅಲ್ಲೂ ಇರ್ತಾರ. ಆದ್ರ ಕೇಳದೇ ಹೋಗಬ್ಯಾಡ್ರಿ, ಕರೋನಾ ಟೈಮ್‌ದಾಗ ಹಲ್ಲಿನ ಡಾಕ್ಟರ್‌ಗಳಿಗೂ ಸ್ವಾಬ್ ತೆಗಿಯೋ ಡ್ಯೂಟಿ ಹಾಕ್ತಿದ್ರು, ಕುರ್ಚಿ ಖಾಲಿ ಇರಬಹುದು. ಸರಕಾರದ 104 ಸಹಾಯವಾಣಿ ಅದ. ಈ-ಸಂಜೀವನಿ ಅಂತ ಫ್ರೀ ವಿಡಿಯೋ ಓಪಿಡಿನೂ ಅದ, 2020ರ ಏಪ್ರಿಲ್‌ದಾಗ ಲಾಕ್‌ಡೌನ್ ನಡುವೇ ಶುರು ಮಾಡಿದ್ದು, ಅಲ್ಲಿ ಡಾಕ್ಟರ್ ನೋಡಿ ಚೀಟಿ ಬರ್ದು ಕೊಡ್ತಾರ, ಅದನ್ನ ನಮ್ಮಂಥ ಮೆಡಿಕಲ್‌ದಾಗ ತೋರಿಸಿದ್ರ ನಡೀತದ. ಹೊರಗ ಹೊರಟಾಗ ಡಾಕ್ಟರ್ ಕಳಿಸಿದ ಮೆಸೇಜ್ ಇಲ್ಲಾ ಹಳೇ ಚೀಟಿ, ಆಧಾರ್ ಕಿಸೆದಾಗ ಇಟ್ಕೊಳ್ರಿ, ನಾಕಾದಾಗ ಪೊಲೀಸ್ರು ಕೇಳಿದ್ರ ತೋರಿಸ್ಲಿಕ್ಕ ಬೇಕು. ರೋಗಿ ಜೊತಿ ಒಬ್ಬರು ಸಾಕು, ಪೂರಾ ಮನಿ ಮಂದಿ ಬ್ಯಾಡ.

ಈಗ ಗುಳಿಗಿ ಮಾತು, ಇದು ನನ್ನ ಕೆಲಸದ ಮಾತು, ಸ್ವಲ್ಪ ಉದ್ದ ಹೇಳ್ತೀನಿ. ದೊಡ್ಡವ್ರಿಗೆ, ಲಿವರ್ ತ್ರಾಸ ಇಲ್ಲ ಅಂದ್ರ, ಪ್ಯಾರಾಸಿಟಮಾಲ್ 650 ಒಂದು, ಆರು ತಾಸಿಗೆ ಒಮ್ಮೆ, ದಿನಕ್ಕ ನಾಲ್ಕಕ್ಕಿಂತ ಹೆಚ್ಚಿಲ್ಲ. ಹಲ್ಲು ಬ್ಯಾನಿಗೆ ಐಬುಪ್ರೊಫೇನ್ 400 ಚೊಲೋ ಕೆಲಸ ಮಾಡ್ತದ, ಆದ್ರ ಹೊಟ್ಟಿ ತುಂಬ ಉಂಡ ಮ್ಯಾಲ, ದಿನಕ್ಕ ಮೂರರ ಒಳಗ. ಕಿಡ್ನಿ ತ್ರಾಸ, ಹೊಟ್ಟಿ ಹುಣ್ಣು, ಹಾರ್ಟ್, ಅಸ್ತಮಾ, ರಕ್ತ ತೆಳ್ಳಗ ಮಾಡೋ ಗುಳಿಗಿ, ಬಸಿರು ಇದ್ರ ಇದು ಡಾಕ್ಟರ್ ಹೇಳದೇ ಬ್ಯಾಡ. ಎರಡೂ ಕೂಡಿದ ಗುಳಿಗಿ ಬರ್ತಾವ, ಅದನ್ನ ನುಂಗಿ ಮ್ಯಾಲ ಜ್ವರಕ್ಕಂತ ಮತ್ತ ಪ್ಯಾರಾಸಿಟಮಾಲ್ ನುಂಗ್ತಾರ, ಪಾಕೀಟ್ ಹಿಂದ ಓದ್ರಿ. ಐಬುಪ್ರೊಫೇನ್‌ದಿಂದ ಕರೋನಾ ಜೋರಾಗ್ತದ ಅಂತ 2020ರಾಗ ವಾಟ್ಸಾಪ್ ತುಂಬ ಹರದಾಡ್ತು, ಅದನ್ನ ಬಿಡ್ರಿ ಅಂತ ನಾವು ಹೇಳಲ್ಲ ಅಂತ ಡಬ್ಲ್ಯುಎಚ್‌ಒ ಅದೇ ಮಾರ್ಚ್‌ದಾಗ ಹೇಳಿತ್ತು. ಮಕ್ಕಳಿಗೆ ತೂಕ ನೋಡಿ ಔಷಧ ಕೊಡೋದು, ದೊಡ್ಡವರ ಗುಳಿಗಿ ಮುರದು ಕೊಡಬ್ಯಾಡ್ರಿ.

ಆ್ಯಂಟಿಬಯೋಟಿಕ್ ನೀವಾಗೇ ಕೇಳಬ್ಯಾಡ್ರಿ. ಹಲ್ಲಿನ ನರ ಉರದು ಏಳೋ ಬ್ಯಾನಿಗೆ ಅದು ಏನೂ ಮಾಡಲ್ಲ, ಆ ನರ ತೆಗೀಬೇಕು ಇಲ್ಲಾ ಹಲ್ಲು ಕೀಳ್ಬೇಕು. ಬಾವು ಜ್ವರ ಇದ್ದಾಗ ಡಾಕ್ಟರ್ ಬರೀತಾರ, ಆಗಲೂ ಕೀವು ಹೊರಗ ಹೋಗ್ಬೇಕು, ಇಲ್ಲಾಂದ್ರ ನಾಲ್ಕು ದಿನ ತಣ್ಣಗಾಗಿ ಮತ್ತ ಏಳ್ತದ. ಬಾವು ಇಳಿಯೋ ಗುಳಿಗಿ ಅಂತ ಕೆಲವ್ರು ಸ್ಟೆರಾಯ್ಡ್ ತಗೋತಾರ, ಶುಗರ್ ಇದ್ದವ್ರಿಗೆ ಅದು ಶುಗರ್ ಏರಿಸ್ತದ, ಇನ್‌ಫೆಕ್ಷನ್ ಮುಚ್ಚಿಟ್ಟು ಒಳಗ ಬೆಳಸ್ತದ. ಯಾರು ಕೊಟ್ರೂ ಚೀಟಿ ಇಲ್ಲದೇ ತಗೋಬ್ಯಾಡ್ರಿ.

ಮನ್ಯಾಗ ಮಾಡೋದು ಇಷ್ಟೇ, ಉಗುರು ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸೋದು, ಗಲ್ಲದ ಮ್ಯಾಲ ಬಟ್ಟಿದಾಗ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟು ತೆಗಿಯೋದು, ತಲಿದಿಂಬು ಎತ್ತರ ಮಾಡಿ ಮಲಗೋದು, ಜ್ವಾಳದ ರೊಟ್ಟಿ ಬಿಟ್ಟು ಗಂಜಿ, ಅಂಬಲಿ, ಅನ್ನ ಸಾರು ಬ್ಯಾನಿ ಇಲ್ಲದ ಕಡೆ ಬಾಯಿಂದ ಉಣ್ಣೋದು. ಲವಂಗದ ಎಣ್ಣಿ ಅರಳಿ ತುದಿಗೆ ಒಂದು ಹನಿ ಹಚ್ಚಿ ತೂತಿನ್ಯಾಗ ಮಾತ್ರ ಇಡ್ರಿ, ವಸಡಿಗೆ ಸುರಿದ್ರ ಸುಡ್ತದ. ಆ್ಯಸ್ಪಿರಿನ್ ಗುಳಿಗಿ ಪುಡಿ ಮಾಡಿ ಹಲ್ಲಿನ್ಯಾಗ ಇಡೋದು, ತಂಬಾಕು ಒತ್ತೋದು, ಬ್ಯಾಟರಿ ನೀರು, ಸೂಜಿಯಿಂದ ಬಾವು ಚುಚ್ಚೋದು, ಗಲ್ಲಕ್ಕ ಬಿಸಿ ಕಾವು ಕೊಡೋದು ಇವು ಒಂದೂ ಬ್ಯಾಡ.

ಹುಡುಗರು ಆಡೋವಾಗ ಹಲ್ಲು ಪೂರಾ ಕಿತ್ತು ಬಿದ್ರ ಇದು ಓದಿ ನೆನಪಿಡ್ರಿ. ದೊಡ್ಡ (ಕಾಯಂ) ಹಲ್ಲು ಆದ್ರ ಬೆಳ್ಳಗಿನ ತಲಿ ಕಡೆ ಹಿಡ್ದು ಎತ್ರಿ, ಬೇರು ಮುಟ್ಟಬ್ಯಾಡ್ರಿ, ತಿಕ್ಕಬ್ಯಾಡ್ರಿ. ಹೊಲಸು ಇದ್ರ ಹಾಲಿನ್ಯಾಗ ಒಮ್ಮೆ ಅದ್ದಿ, ಸಾಧ್ಯ ಆದ್ರ ಅದೇ ತೂತಿನ್ಯಾಗ ಸರಿ ದಿಕ್ಕಿಗೆ ಕೂಡ್ಸಿ ಬಟ್ಟಿ ಕಡಿಸ್ರಿ. ಆಗಲಿಲ್ಲ ಅಂದ್ರ ತಣ್ಣನ ಹಾಲಿನ್ಯಾಗ ಹಾಕಿ ತಗೊಂಡು ಹೋಗ್ರಿ, ನೀರಿನ್ಯಾಗ ಬ್ಯಾಡ. ಅರ್ಧ ತಾಸಿನ್ಯಾಗ ಡಾಕ್ಟರ್ ಕೈಗೆ ಸಿಕ್ರ ಉಳಿಯೋ ಚಾನ್ಸ್ ಚೊಲೋ, ತಡ ಆದಷ್ಟೂ ಕಡಿಮಿ. ಹಾಲ್ಹಲ್ಲು ಆದ್ರ ತಿರುಗಿ ಕೂಡ್ಸೋದಲ್ಲ, ಆದ್ರೂ ತೋರಿಸ್ರಿ.

ಕರೋನಾ ಆಗಿ ಮನಿಗೆ ಬಂದವ್ರಿಗೆ ಒಂದು ಬ್ಯಾರೆ ಎಚ್ಚರ. 2021ರ ಎರಡನೇ ಅಲೆದಾಗ ಬ್ಲ್ಯಾಕ್ ಫಂಗಸ್ ಬಂತಲ್ಲ, ಶುಗರ್ ಇದ್ದು ಸ್ಟೆರಾಯ್ಡ್ ತಗೊಂಡವ್ರಿಗೆ ಹೆಚ್ಚು, ಅದು ಎಷ್ಟೋ ಮಂದಿಗೆ ಹಲ್ಲಿನಿಂದನೇ ಕಾಣಿಸ್ತು. ಮ್ಯಾಲಿನ ಹಲ್ಲು ಕಾರಣ ಇಲ್ಲದೇ ಒಮ್ಮೆಲೆ ಅಳಗಾಡೋದು, ಮ್ಯಾಲಿನ ದವಡಿ ಬ್ಯಾನಿ, ಒಂದೇ ಕಡೆ ಮಾರಿ ಬಾವು ಅಥವಾ ಜೋಮು, ಮೂಗಿನ್ಯಾಗ ಕಪ್ಪು ಇಲ್ಲಾ ರಕ್ತದ ಸಿಂಬಳ, ಬಾಯಾಗಿನ ಅಂಗುಳ ಕಪ್ಪಾಗೋದು, ಒಂದು ಎರಡಾಗಿ ಕಾಣೋದು. ಇದನ್ನ ಹಲ್ಲು ಕೀಳಿಸಿ ಬಿಡೋಣು ಅನ್ಬ್ಯಾಡ್ರಿ, ಕ್ಲಿನಿಕ್ ಕ್ಲಿನಿಕ್ ತಿರುಗಬ್ಯಾಡ್ರಿ, ಸೀದಾ ಮೆಡಿಕಲ್ ಕಾಲೇಜ್ ದವಾಖಾನಿ, ಇಎನ್‌ಟಿ ಇರೋ ಕಡೆ. ಅಲ್ಲಿ ಒಂದೊಂದು ದಿನಕ್ಕೂ ಲೆಕ್ಕ ಅದ.

ಕ್ಲಿನಿಕ್‌ಗೆ ಕರದ್ರ ಹೇಳಿದ ಟೈಮಿಗೆ ಹೋಗ್ರಿ, ಹೊರಗ ನಿಂತು ಫೋನ್ ಮಾಡ್ರಿ, ಕುರ್ಚಿ ಮ್ಯಾಲ ಕೂಡೋ ತನಕ ಮಾಸ್ಕ್ ತೆಗೀಬ್ಯಾಡ್ರಿ. ಮೊದಲು ಬಾಯಿ ಮುಕ್ಕಳಿಸ್ಲಿಕ್ಕ ಔಷಧ ಕೊಡ್ತಾರ. ಆ ಟೈಮ್‌ದಾಗ ಮಷಿನ್ ಕೆಲಸ ಕಡಿಮಿ ಮಾಡ್ಬೇಕಂತ ಉಳಿಸಬಹುದಾದ ಹಲ್ಲನ್ನೂ ಕೀಳಬಹುದು ಅಂತ ಅಂಜಿಕಿ ಇದ್ರ ಕೇಳ್ರಿ, "ಈಗ ಟೆಂಪರರಿ ಸಿಮೆಂಟ್ ಹಾಕಿ ಆಮ್ಯಾಲ ರೂಟ್ ಕೆನಾಲ್ ಮಾಡ್ಲಿಕ್ಕ ಬರ್ತದೇನ್ರಿ" ಅಂತ. ಕೇಳೋದು ತಪ್ಪಲ್ಲ. ಶುಗರ್, ಬಿಪಿ ಗುಳಿಗಿ ನುಂಗಿ, ಉಂಡು ಹೋಗ್ರಿ. ರಕ್ತ ತೆಳ್ಳಗ ಮಾಡೋ ಗುಳಿಗಿ ನೀವಾಗೇ ಬಿಡಬ್ಯಾಡ್ರಿ.

ಹಲ್ಲು ಕಿತ್ತಿದ್ರ ಅರಳಿ ಅರ್ಧ ಮುಕ್ಕಾಲು ತಾಸು ಗಟ್ಟಿ ಕಚ್ಚಿ ಹಿಡೀರಿ, ಉಗುಳಬ್ಯಾಡ್ರಿ, ಎಂಜಲು ನುಂಗ್ರಿ. ಉಗುಳಿದ್ರ ಹೆಪ್ಪು ಕಿತ್ತು ಬಂದು ಎಲುಬು ಬಯಲಾಗ್ತದ, ಆ ಬ್ಯಾನಿ ಹಲ್ಲು ಬ್ಯಾನಿಗಿಂತ ಜೋರು, ಅದಕ್ಕೇ ಗುಟ್ಖಾ ಸಿಗರೇಟ್ ಮೂರು ದಿನ ಪೂರಾ ಬಂದ್. ಮುಕ್ಕಳಿಸೋದು ಮರುದಿನದಿಂದ. ಡಾಕ್ಟರ್ ನಂಬರ್ ಇಸ್ಕೊಂಡೇ ಬರ್ರಿ, ಹೊಲಿಗಿ ತೆಗಿಯೋದು ಯಾವತ್ತು, ಟೆಂಪರರಿ ಸಿಮೆಂಟ್ ಎಷ್ಟು ದಿನ ತಡೀತದ ಅಂತ ಕೇಳಿ ಅದೇ ಚೀಟಿ ಮ್ಯಾಲ ತಾರೀಖು ಬರಸ್ಕೊಳ್ರಿ, ಲಾಕ್‌ಡೌನ್ ಮುಂದುವರದ್ರ ಅದೇ ತಾರೀಖಿಗೆ ನೀವೇ ಫೋನ್ ಹಚ್ಚಿ ನೆನಪು ಮಾಡ್ರಿ.