ಜಾಜ್ ಡ್ರಮ್ಸ್‌ನಲ್ಲಿ ಬಲಗೈಯ ಸಾಧನೆ

ಜಾಜ್ ಡ್ರಮ್ಸ್ ನುಡಿಸುವುದನ್ನೇ ವೃತ್ತಿಯಾಗಿಸಿಕೊಂಡ ನನ್ನ ಸಾಧನೆಯ ಬಹುಪಾಲು ಕಾಲ ಸಂದದ್ದು ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಮೇಲೆ ಬಲಗೈ ನುಡಿಸುವ ಒಂದೇ ಒಂದು ವಿನ್ಯಾಸಕ್ಕೆ. ನಾಲ್ಕು ಎಣಿಕೆಗಳಲ್ಲಿ ಎರಡನೆಯದರ ಮತ್ತು ನಾಲ್ಕನೆಯದರ ಬೆನ್ನಿಗೆ ಒಂದೊಂದು ಸಣ್ಣ ಪೆಟ್ಟು ಸೇರಿಸಿದರೆ ಅದು ಮುಗಿಯಿತು. ಆದರೆ ಮಧ್ಯಮ ವೇಗದಲ್ಲಿ ಎಣಿಕೆಯ ಮೂರು ಸಮಪಾಲುಗಳಲ್ಲಿ ಕೊನೆಯದರ ಆಸುಪಾಸಿನಲ್ಲಿ ಬೀಳುವ ಈ ಸಣ್ಣ ಪೆಟ್ಟು, ವೇಗ ಏರಿದಂತೆ ಹಿಂದಕ್ಕೆ ಸರಿದು ಎಣಿಕೆಯ ನಟ್ಟನಡುವಿಗೆ ಬರುತ್ತದೆ. ಎಷ್ಟು ಸರಿಯಬೇಕೆಂಬುದನ್ನು ಯಾವ ಸ್ವರಲಿಪಿಯೂ ಹೇಳಲಾರದು. ಅದನ್ನು ಕಿವಿಯಿಂದಲೇ ಕಲಿಯಬೇಕು.

ಹಾಗಾಗಿ ಹಳೆಯ ಧ್ವನಿಮುದ್ರಿಕೆಗಳನ್ನು ಕಾಲಕ್ರಮದಲ್ಲಿ ಕೇಳತೊಡಗಿದೆ. 1930ರ ದಶಕದಲ್ಲಿ ಕೌಂಟ್ ಬೇಸಿಯವರ ವಾದ್ಯವೃಂದದಲ್ಲಿದ್ದ ಜೋ ಜೋನ್ಸ್ ಲಯದ ಭಾರವನ್ನು ಹೈ-ಹ್ಯಾಟ್‌ಗೆ, ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್‌ಗಳಿಗೆ, ವಹಿಸಿದ್ದರು. ಅದನ್ನು ರೈಡ್ ಸಿಂಬಲ್‌ಗೆ ಒಯ್ದು, ಕಾಲಿನಿಂದ ನುಡಿಸುವ ಬಾಸ್ ಡ್ರಮ್ಮನ್ನು ಅನಿರೀಕ್ಷಿತ ಒತ್ತುಗಳಿಗಾಗಿ ಬಿಡುವು ಮಾಡಿಕೊಟ್ಟವರು ಕೆನ್ನಿ ಕ್ಲಾರ್ಕ್. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಕ್ಲಬ್‌ನಲ್ಲಿ ಅವರು ನುಡಿಸಿದ ರೀತಿಯೇ ಬೀಬಾಪ್ ಎಂಬ ಹೊಸ ಜಾಜ್ ಶೈಲಿಗೆ ಅಡಿಪಾಯವಾಯಿತು. 1963ರಲ್ಲಿ, ಕೇವಲ ಹದಿನೇಳನೆಯ ವಯಸ್ಸಿನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡವನ್ನು ಸೇರಿದ ಟೋನಿ ವಿಲಿಯಮ್ಸ್ ಅವರ ಸಿಂಬಲ್ ಕೇಳಿದ ಮೇಲಂತೂ, ಒಂದೇ ಕೈಯಲ್ಲಿ ಎಷ್ಟೊಂದು ಮಾತಿದೆಯೆಂಬ ಬೆರಗು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಭ್ಯಾಸಕ್ಕೆ ಕೂತಾಗ, ಎಣಿಕೆ ಕೊಡುವ ಯಂತ್ರವಾದ ಮೆಟ್ರೊನೋಮ್ ಎರಡು ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಮಾತ್ರ ಸದ್ದು ಮಾಡುವಂತೆ ಇಟ್ಟುಕೊಳ್ಳುತ್ತೇನೆ. ಉಳಿದ ಎಣಿಕೆಗಳ ಹೊಣೆ ಆಗ ನನ್ನದಾಗುತ್ತದೆ. ಬಲಗೈ ನಿಲ್ಲದೆ ಸಾಗುತ್ತಿರುವಾಗಲೇ ಮೂವತ್ತೆರಡು ಬಾರ್‌ಗಳ (ನಾಲ್ಕೆಣಿಕೆಯ ಆವರ್ತಗಳ) ರಾಗವನ್ನು ಬಾಯಲ್ಲಿ ಗುನುಗುತ್ತೇನೆ. ಸೋಲೋ ನುಡಿಸುವವರು ಎಷ್ಟೇ ದೂರ ಹೋದರೂ ಹಾಡಿನ ಯಾವ ಭಾಗದಲ್ಲಿದ್ದೇವೆಂಬುದು ಡ್ರಮ್ಸ್ ವಾದಕನಿಗೆ ತಿಳಿದಿರಲೇಬೇಕು. ಬಾಸ್ ಡ್ರಮ್ಮನ್ನು ನಾಲ್ಕೂ ಎಣಿಕೆಗಳಲ್ಲಿ, ಸಭಿಕರಿಗೆ ಪ್ರತ್ಯೇಕವಾಗಿ ಕೇಳಿಸದಷ್ಟು ಮೆದುವಾಗಿ ತಟ್ಟುವುದು ಇದಕ್ಕಿಂತಲೂ ಕಠಿಣ. ಕೋಲುಗಳ ಬದಲು ಬಳಸುವ ತಂತಿಯ ಬ್ರಶ್‌ಗಳ ಕೆಲಸ ಬೇರೆಯೇ ಒಂದು ವಿದ್ಯೆ.

ವೇಗದ ಸೋಲೋಗಳಿಂದ ಹೆಸರು ಬರಬಹುದು, ಆದರೆ ಒಮ್ಮೆ ಕರೆದವರು ಮತ್ತೆ ಕರೆಯುವುದು ಜೊತೆಯವರು ನಿಶ್ಚಿಂತೆಯಿಂದ ನುಡಿಸುವಂತೆ ಮಾಡುವವರನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲೂ ಬಾಸ್ ಎಂಬ ತಗ್ಗಿನ ಸ್ವರದ ತಂತಿವಾದ್ಯ ನುಡಿಸುವವರ ತಂತಿಯ ಮೀಟು ಮತ್ತು ನನ್ನ ಸಿಂಬಲ್‌ನ ಪೆಟ್ಟು ಒಂದೇ ಕ್ಷಣದಲ್ಲಿ ಕೂಡಬೇಕು. ಕೆಲವರು ಎಣಿಕೆಗಿಂತ ಕೂದಲೆಳೆಯಷ್ಟು ಮುಂದೆ ನುಡಿಸುತ್ತಾರೆ, ಕೆಲವರು ಹಿಂದೆ. ಆದ್ದರಿಂದ ಹೊಸ ತಂಡದಿಂದ ಕರೆ ಬಂದಾಗ, ಯಾವ ಹಾಡುಗಳೆಂದು ಕೇಳುವುದಕ್ಕೂ ಮೊದಲು, ಬಾಸ್ ಯಾರದೆಂದು ಕೇಳುತ್ತೇನೆ.