ಬಿಸಿನೀರಿನ ವಾಷರ್ ರಿಪೇರಿ: ಬರ್ನರ್ ಬಿಚ್ಚುವ ಮೊದಲು ಬಕೆಟ್ ಇಡಿ

ಮಂಡ್ಯದಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ವಾಟರ್ ಸರ್ವಿಸ್ ಶೆಡ್ ಇದೆ. ಕಾರು, ಟೆಂಪೊ ಎಲ್ಲಾ ಬರುತ್ತವೆ, ಆದರೆ ನಮ್ಮ ಅನ್ನ ಇರುವುದು ಕಬ್ಬಿನ ಟ್ರ್ಯಾಕ್ಟರ್, ಲಾರಿಗಳಲ್ಲಿ. ಕಬ್ಬು ಅರೆಯುವ ದಿನಗಳಲ್ಲಿ ಆ ಗಾಡಿಗಳ ಅಡಿ ನೋಡಬೇಕು. ಗದ್ದೆ ಮಣ್ಣು, ಗ್ರೀಸು, ಎಂಜಿನ್ ಆಯಿಲ್ ಮೂರೂ ಸೇರಿ ಕಲ್ಲಿನ ಹಾಗೆ ಅಂಟಿರುತ್ತದೆ. ತಣ್ಣೀರು ಹೊಡೆದರೆ ಮಣ್ಣು ಹೋಗುತ್ತದೆ, ಗ್ರೀಸು ಅಲ್ಲೇ ಉಳಿಯುತ್ತದೆ. 75 ಡಿಗ್ರಿ ನೀರು ಬಿದ್ದರೆ ಕರಗಿ ಇಳಿಯುತ್ತದೆ. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಬಿಸಿನೀರಿನ ವಾಷರ್, ಅಂದರೆ ಬಿಸಿನೀರು ಒತ್ತಡದಲ್ಲಿ ಹೊಡೆದು ಗಾಡಿ ತೊಳೆಯುವ ಮಷಿನ್, ತಂದು ಇಟ್ಟುಕೊಂಡಿದ್ದೇನೆ.

ಈ ಮಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಮೋಟಾರು ಪಂಪ್ ತಿರುಗಿಸುತ್ತದೆ. ಪಂಪ್ ನೀರನ್ನು ಒತ್ತಿ ಒಂದು ಉದ್ದ ಸುರುಳಿ ಪೈಪಿನೊಳಗೆ ಕಳಿಸುತ್ತದೆ, ಅದೇ ಕಾಯಿಲ್. ಕಾಯಿಲ್ ಮೇಲೆ ಡೀಸೆಲ್ ಬರ್ನರ್ ಉರಿಯುತ್ತದೆ. ಮಧ್ಯದಲ್ಲಿ ಒಂದು ಫ್ಲೋ ಸ್ವಿಚ್ ಇರುತ್ತದೆ. ನೀರು ಸಾಕಷ್ಟು ಹರಿದರೆ ಮಾತ್ರ ಅದು ಬರ್ನರ್‌ಗೆ ಕರೆಂಟ್ ಬಿಡುತ್ತದೆ. ನೀರಿಲ್ಲದೆ ಬೆಂಕಿ ಉರಿದರೆ ಕಾಯಿಲ್ ಸುಟ್ಟೇ ಹೋಗುತ್ತದೆ, ಅಲ್ವಾ. ನನ್ನ ಕಥೆಯೆಲ್ಲಾ ಈ ಸ್ವಿಚ್ ಸುತ್ತಲೇ ಇದೆ.

ಒಂದು ದಿನ ಬೆಳಿಗ್ಗೆ ನಮ್ಮ ಹುಡುಗ ಓಡಿ ಬಂದ. "ಅಣ್ಣ, ಹೊಗೆ ಬತ್ತದೆ, ನೀರು ಮಾತ್ರ ಕಾಯ್ತಿಲ್ಲ ಕಣಣ್ಣ" ಅಂದ. ಹೋಗಿ ನೋಡಿದೆ. ನೀರು ಹೊಡೆಯುವ ಗನ್ ಒತ್ತಿದರೆ ಬರ್ನರ್ ಹೊತ್ತಿಕೊಳ್ಳುತ್ತದೆ, ಐದಾರು ಸೆಕೆಂಡ್ ಉರಿದು ಆರಿಹೋಗುತ್ತದೆ, ಚಿಮಣಿಯಿಂದ ಬಿಳಿ ಹೊಗೆ ಬುಸ್ ಅಂತ ಬರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತುತ್ತದೆ. ಡೀಸೆಲ್ ವಾಸನೆ ಕಣ್ಣಿಗೆ ಹೊಡೆಯುವಷ್ಟು. ನೀರು ಉಗುರುಬೆಚ್ಚಗೆ ಮಾತ್ರ.

ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್ ಆವಿಯಾಗಿ ಹೋಗುತ್ತಿದೆ ಅಂತ ಅರ್ಥ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಇಷ್ಟು ನನಗೆ ಗೊತ್ತಿತ್ತು. ಹಾಗಾಗಿ ತೊಂದರೆ ಕಿಡಿಯಲ್ಲೇ ಇದೆ ಅಂತ ತೀರ್ಮಾನ ಮಾಡಿಬಿಟ್ಟೆ. ಡೀಸೆಲ್ ಫಿಲ್ಟರ್ ಬದಲಿಸಿದೆ. ಟ್ಯಾಂಕಿನ ತಳದಲ್ಲಿ ಸ್ವಲ್ಪ ನೀರು ನಿಂತಿತ್ತು, ಅದನ್ನೂ ತೆಗೆದೆ. ಕಿಡಿ ಹಾರಿಸುವ ಎಲೆಕ್ಟ್ರೋಡ್ ಬಿಚ್ಚಿ ಮಸಿ ಒರೆಸಿ, ಎರಡು ತುದಿಗಳ ನಡುವೆ 3–4 ಮಿಲಿಮೀಟರ್ ಬಿಟ್ಟು ಕೂರಿಸಿದೆ. ಡೀಸೆಲ್ ಸಿಂಪಡಿಸುವ ಬರ್ನರ್ ನಾಜಲ್ ಹೊಸದು ಹಾಕಿದೆ, 1.10, ಸಿಂಪಡಿಸುವ ಕೋನ 60 ಡಿಗ್ರಿಯದು. ಆ 1.10 ಅಂದರೆ 7 ಬಾರ್ ಒತ್ತಡದಲ್ಲಿ ಗಂಟೆಗೆ 1.10 ಅಮೆರಿಕನ್ ಗ್ಯಾಲನ್ ಅಂತ, ನಮ್ಮ ಲೆಕ್ಕದಲ್ಲಿ 4.2 ಲೀಟರ್. ನಮ್ಮ ಬರ್ನರ್ ಪಂಪ್ 10 ಬಾರ್ ಕೊಡುತ್ತದೆ, ಅಲ್ಲಿಗೆ ಸುಮಾರು 5 ಲೀಟರ್ ಆಗುತ್ತದೆ. ನಿಮಿಷಕ್ಕೆ 12 ಲೀಟರ್ ನೀರನ್ನು 25ರಿಂದ 75 ಡಿಗ್ರಿಗೆ ಏರಿಸಲು ಹೆಚ್ಚುಕಮ್ಮಿ ಅಷ್ಟೇ ಡೀಸೆಲ್ ಬೇಕು. ಲೆಕ್ಕ ಸರಿ ಇತ್ತು. ಕಾಯಿಲೆ ಮಾತ್ರ ಹೋಗಲಿಲ್ಲ. ಕೊನೆಗೆ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಕೂಡ ಹೊಸದು ತಂದೆ. ದುಡ್ಡು ಹೋಯಿತು, ಎರಡು ದಿನದ ಕೆಲಸ ಹೋಯಿತು.

ಒಬ್ಬ ಮೆಕ್ಯಾನಿಕ್ ಬಂದು ನೋಡಿ, "ಫ್ಲೋ ಸ್ವಿಚ್‌ದು ಎರಡು ವೈರ್ ಸೇರಿಸಿ ಬಿಟ್ಬಿಡಿ, ಉರೀತದೆ" ಅಂದರು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಗನ್ ಬಿಟ್ಟ ಮೇಲೂ ಬರ್ನರ್ ಉರಿಯುತ್ತಾ ಇದ್ದರೆ ಕಾಯಿಲ್‌ನಲ್ಲಿ ನಿಂತ ನೀರು ಆವಿಯಾಗಿ ಒತ್ತಡ ಏರುತ್ತದೆ. ಗನ್ ಹಿಡಿದು ನಿಂತಿರುವವನು ನಮ್ಮ ಹುಡುಗ. ನಾನು ಒಪ್ಪಲಿಲ್ಲ.

ಆದರೆ ಅವರ ಮಾತು ನನ್ನನ್ನು ಫ್ಲೋ ಸ್ವಿಚ್ ಕಡೆ ತಿರುಗಿಸಿತು. ವೈರ್ ಬಿಚ್ಚಿ ಮಲ್ಟಿಮೀಟರ್ ಹಚ್ಚಿ, ಬರ್ನರ್ ಆಫ್ ಇಟ್ಟು ಬರೀ ತಣ್ಣೀರು ಬಿಡಲು ಹೇಳಿದೆ. ಬೀಪ್ ಅಂದರೆ ಸ್ವಿಚ್ ಆನ್ ಅಂತ. ಮೀಟರ್ ಬೀಪ್ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಬೀಪ್. ಸ್ವಿಚ್ ಕೆಟ್ಟಿದೆ ಅಂತ ಬಿಚ್ಚಿದರೆ ಒಳಗಿನ ಮ್ಯಾಗ್ನೆಟ್ ಪಿಸ್ಟನ್ ಚೆನ್ನಾಗೇ ಆಡುತ್ತಿತ್ತು. ಅಂದರೆ ಸ್ವಿಚ್ ನಿಜ ಹೇಳುತ್ತಿದೆ. ನೀರೇ ಸಾಲುತ್ತಿಲ್ಲ.

ಗೇಜ್ ಮಾತ್ರ ಎಂದಿನ ಹಾಗೆ 120 ಬಾರ್ ತೋರಿಸುತ್ತಿತ್ತು. ಎರಡು ದಿನ ನಾನು ಅದನ್ನೇ ನಂಬಿದ್ದೆ. ಆ ಗೇಜ್ ಇರುವುದು ಪಂಪಿನ ಮೇಲೆ, ಕಾಯಿಲ್‌ಗಿಂತ ಮೊದಲು. ಮುಂದೆ ಎಲ್ಲಿ ಕಟ್ಟಿಕೊಂಡರೂ ಅದು ಒತ್ತಡ ಚೆನ್ನಾಗೇ ತೋರಿಸುತ್ತದೆ. ಹೊರಗೆ ಹೋಗದ ನೀರನ್ನು ಅನ್‌ಲೋಡರ್ ಅನ್ನುವ ವಾಲ್ವ್ ಸುಮ್ನೆ ವಾಪಸ್ ಪಂಪಿನ ಕಡೆಗೆ ತಿರುಗಿಸುತ್ತಾ ಇರುತ್ತದೆ.

ಹಾಗಾಗಿ 20 ಲೀಟರ್ ಬಕೆಟ್ ಇಟ್ಟು, ಮೊಬೈಲ್‌ನಲ್ಲಿ ಟೈಮ್ ನೋಡಿದೆ. ಗನ್ನಿನಿಂದ ಬಕೆಟ್ ತುಂಬಲು ಎರಡೂವರೆ ನಿಮಿಷ ಬೇಕಾಯಿತು. ನಿಮಿಷಕ್ಕೆ 8 ಲೀಟರ್. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಗನ್ ಒತ್ತಿ ಒಳಗಿನ ಒತ್ತಡ ಬಿಟ್ಟು, ಹೋಸ್ ಬಿಚ್ಚಿ ಕಾಯಿಲ್ ತಪ್ಪಿಸಿ ನೇರ ಪಂಪಿಗೆ ಜೋಡಿಸಿದೆ. ಬರ್ನರ್ ಆಫ್. ಈಗ ಅದೇ ಬಕೆಟ್ 1 ನಿಮಿಷ 40 ಸೆಕೆಂಡಿಗೆ ತುಂಬಿತು, ಅಂದರೆ 12 ಲೀಟರ್. ಪಂಪ್ ಗಟ್ಟಿಯಾಗಿದೆ. ಕಾಯಿಲ್ ಕಟ್ಟಿಕೊಂಡಿದೆ.

ಕಾಯಿಲ್‌ನ ನಟ್ ಬಿಚ್ಚಿ ಪೈಪಿನ ಬಾಯಿಗೆ ಟಾರ್ಚ್ ಹಿಡಿದೆ. ಕಬ್ಬಿಣ ಕಾಣುವುದೇ ಇಲ್ಲ. ಸುತ್ತಲೂ ಬೂದುಬಿಳಿ ಪದರ, ನಡುವೆ ಪೆನ್ಸಿಲ್ ಹೋಗುವಷ್ಟೂ ಜಾಗ ಇಲ್ಲ. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಮೊಟ್ಟೆಚಿಪ್ಪಿನಂಥ ಚೂರು ಬಿತ್ತು. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಅದು. ಮನೆಯಲ್ಲಿ ಗೀಸರ್ ಕಾಯಿಲ್‌ಗೆ ಕಟ್ಟುವುದೂ ಅದೇ. ನೀರು ಕಾದಷ್ಟೂ ಸುಣ್ಣ ಬಿಟ್ಟುಕೊಂಡು ಪೈಪಿಗೆ ಅಂಟುತ್ತದೆ. ಈಗ ಎಲ್ಲಾ ಒಂದಕ್ಕೊಂದು ಸೇರಿತು. ನೀರು ಸಾಲದೆ ಸ್ವಿಚ್ ಬಿಡುತ್ತದೆ, ಬರ್ನರ್ ಆರುತ್ತದೆ, ಒಳಗೆ ಉಳಿದ ಡೀಸೆಲ್ ಬಿಳಿ ಹೊಗೆಯಾಗಿ ಬರುತ್ತದೆ. ಬರ್ನರ್‌ದು ಏನೂ ತಪ್ಪಿರಲಿಲ್ಲ.

ಅಂಗಡಿಯವರು ಬಾತ್‌ರೂಮ್ ಆಸಿಡ್ ಸಾಕು ಅಂದರು. ನಾನು ತರಲಿಲ್ಲ, ಅದು ಉಪ್ಪಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಸಲ್ಫಾಮಿಕ್ ಆಸಿಡ್ ಪುಡಿ ತಂದೆ. 20 ಲೀಟರ್ ನೀರಿಗೆ 1 ಕೆಜಿ, ನೀರಿಗೆ ಪುಡಿ ಹಾಕಬೇಕು. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಮೇನ್ ಪಂಪಿಗೆ ಆಸಿಡ್ ತಾಗದ ಹಾಗೆ ಕಾಯಿಲ್ ಅನ್ನು ಎರಡೂ ಕಡೆ ಕಳಚಿ, ಒಂದು ಸಣ್ಣ ಪ್ಲಾಸ್ಟಿಕ್ ಪಂಪಿನಿಂದ ಬಕೆಟ್‌ನಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಬಕೆಟ್‌ಗೆ ತಿರುಗಿಸಿದೆ. ಶೆಡ್ಡಿನ ಎರಡೂ ಬಾಗಿಲು ತೆಗೆದಿಟ್ಟಿದ್ದೆ.

ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸ್ ಬರುವ ಪೈಪಿನಲ್ಲಿ ಸೋಡಾ ಬಾಟಲಿ ತೆಗೆದ ಹಾಗೆ ನೊರೆ ಶುರುವಾಯಿತು, ಜೊತೆಗೆ ಚೂರುಗಳು ಟಣ್ ಟಣ್ ಅಂತ ಬಕೆಟ್‌ಗೆ ಬೀಳತೊಡಗಿದವು. ಗುಳ್ಳೆ ಬರುತ್ತಿದ್ದರೆ ಆಸಿಡ್ ಕೆಲಸ ಮಾಡುತ್ತಿದೆ ಅಂತ. ಗುಳ್ಳೆ ನಿಂತ ಮೇಲೆ ಹೊಸ ಆಸಿಡ್ ಕಲಸಿದೆ. ಹೀಗೆ ಮೂರು ಸಲ. ಮೂರನೆಯದರಲ್ಲಿ ಗುಳ್ಳೆ ಬರುವುದೇ ನಿಂತುಹೋಯಿತು. ನೀರು ಬಿಟ್ಟು ಚೆನ್ನಾಗಿ ತೊಳೆದೆ. ಹಳೇ ಆಸಿಡ್‌ಗೆ ಅಡುಗೆ ಸೋಡಾ ಹಾಕಿ, ನೊರೆ ನಿಂತ ಮೇಲೆಯೇ ಚೆಲ್ಲಿದೆ. ನಮ್ಮ ಹಿಂದೆ ನಾಲೆ ಇದೆ, ಅದೇ ನೀರು ಗದ್ದೆಗೆ ಹೋಗುತ್ತದೆ.

ಕಾಯಿಲ್ ಹೊರಗಡೆ ಮಸಿಯೂ ಹಿಡಿದಿತ್ತು. ವೈರ್ ಬ್ರಷ್ ಹಾಕಿ ಕೆರೆದು ತೆಗೆದೆವು. ಆಮೇಲೆ ಎಲ್ಲಾ ಜೋಡಿಸಿ, ಮೊದಲು ತಣ್ಣೀರು ಬಿಟ್ಟು ಸೋರಿಕೆ ನೋಡಿ, ಕೊನೆಗೆ ಬರ್ನರ್ ಹಾಕಿದೆ. ಹೊತ್ತಿಕೊಂಡಿತು, ಹಾಗೇ ಉರಿಯಿತು. ಚಿಮಣಿಯಲ್ಲಿ ಹೊಗೆಯೇ ಕಾಣಲಿಲ್ಲ. ಕಾದಿದ್ದ ಟ್ರ್ಯಾಕ್ಟರ್ ಯಜಮಾನರು ತಮ್ಮ ಗಾಡಿಯ ಅಡಿಯಿಂದ ಗ್ರೀಸು ಕರಗಿ ಇಳಿಯುವುದನ್ನು ಬಗ್ಗಿ ನೋಡುತ್ತಾ ನಿಂತಿದ್ದರು.

ಈಗ ವಾಷರ್‌ಗೆ ಹೋಗುವ ನೀರಿಗೆ ಸಾಫ್ಟ್‌ನರ್, ಅಂದರೆ ನೀರಿನ ಗಡಸುತನ ತೆಗೆಯುವ ಸಾಧನ, ಹಾಕಿಸಿದ್ದೇನೆ. ಅದರೊಳಗೆ ಸುಣ್ಣ ಹಿಡಿದುಕೊಳ್ಳುವ ರೆಸಿನ್ ಕಾಳುಗಳಿಗೆ ಆಗಾಗ ಅಡುಗೆ ಉಪ್ಪಿನ ನೀರು ಕೊಟ್ಟು ತೊಳೆಯಬೇಕು, ಮರೆತರೆ ಸಾಫ್ಟ್‌ನರ್ ಇದ್ದೂ ಇಲ್ಲದ ಹಾಗೆ. ಮಳೆಗಾಲದಲ್ಲಿ ಶೆಡ್ಡಿನ ಶೀಟ್ ಮೇಲಿನ ನೀರನ್ನೂ ಸೋಸಿ ಟ್ಯಾಂಕಿಗೆ ಬಿಡುತ್ತೇವೆ. ತಿಂಗಳಿಗೊಮ್ಮೆ ಹುಡುಗ ಬಕೆಟ್ ಇಟ್ಟು ಟೈಮ್ ಹಿಡಿದು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಹೋದ ತಿಂಗಳು 1 ನಿಮಿಷ 42 ಸೆಕೆಂಡ್ ಇತ್ತು.